ಮಷಿನ್ ನಿಂತಾಗ ಒಗೆದವರು

ಜೂನ್ 2, ಸೋಮವಾರ

ಬಟ್ಟೆ ಒಗೆಯುವ ಮಷಿನ್ ಕೈಕೊಟ್ಟಿತು. ಹೊಟ್ಟೆ ತುಂಬ ನೀರು ಕುಡಿದು, ಮೂರು ಸಲ ಗೊರಗೊರ ಎಂದು, ಕೆಂಪು ದೀಪ ಮಿಟುಕಿಸಿ ಸುಮ್ಮನಾಯಿತು. ಒಳಗೆ ನನ್ನ ನಾಲ್ಕು ಅಂಗಿ, ಬೈಂಡರನ ಎರಡು ಪೈಜಾಮ, ಒಂದು ಹೊದಿಕೆ ನೊರೆಯಲ್ಲಿ ಮುಳುಗಿ ಕೂತಿವೆ.

"ಅಧ್ಯಕ್ಷರೇ, ನೀರು ಇಳೀತಿಲ್ಲ" ಎಂದ ಬೈಂಡರ್, ತೇಗು ಬಾರದ ಕೂಸಿನ ಬೆನ್ನು ತಟ್ಟುವ ಹಾಗೆ ಮಷಿನ್ನಿನ ಬೆನ್ನು ತಟ್ಟುತ್ತ.

"ಒಂದು ಒದಿ."

"ಎಲ್ಲದಕ್ಕೂ ಒದೆಯೋದೇನಾ ನಿನ್ನ ದಾರಿ?"

"ಮಾಲೀಕರನ್ನ ಒದ್ದಿದ್ದಕ್ಕೇ ಅಲ್ವಾ ನಮಗೆ ವಾರದ ರಜೆ ಸಿಕ್ಕಿದ್ದು?"

"ಇದು ಮಾಲೀಕ ಅಲ್ಲ. ಇದೂ ಒಂದು ಕೂಲಿ."

ಊರೆಲ್ಲ ನನ್ನ ಗಂಡನನ್ನು ಬೈಂಡರ್ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಪುಸ್ತಕ ಹೊಲಿಯುವುದು, ರಟ್ಟು ಕಟ್ಟುವುದು ಅವನ ಕಸುಬು. ಈ ನೋಟುಪುಸ್ತಕವನ್ನು ಕಟ್ಟಿಕೊಟ್ಟವನೂ ಅವನೇ. ಸಿದ್ಧ ಉಡುಪು ಕಾರ್ಖಾನೆಯ ಯೂನಿಯನ್ನಿನಲ್ಲಿ ಹದಿನೆಂಟು ವರ್ಷ ಅಧ್ಯಕ್ಷೆಯಾಗಿದ್ದು, ನಿವೃತ್ತಳಾಗಿ ಆಫೀಸಿನ ಬೀಗದ ಕೈ ಕೊಟ್ಟು ಬಂದ ದಿನ, "ಇನ್ನು ಬೈಯೋಕೆ ಯಾರೂ ಸಿಗಲ್ಲ ನಿನಗೆ. ಇದರಲ್ಲಿ ಬೈದುಕೋ" ಎಂದು ಕೈಗಿಟ್ಟ. ಅಂದಿನಿಂದ ಬರೆಯುತ್ತಿದ್ದೇನೆ. ನಡಾವಳಿ ಬರೆಯದೆ ಇದ್ದರೆ ನನಗೆ ದಿನ ಮುಗಿದ ಹಾಗೆ ಅನಿಸುವುದಿಲ್ಲ.

ಈ ಮನೆಯಲ್ಲಿ ಬಟ್ಟೆಯ ಇಲಾಖೆ ಬೈಂಡರನದು. ಮದುವೆಯಾದ ಹೊಸತರಲ್ಲಿ ನಮ್ಮ ಎಪ್ಪತ್ತೊಂದು ದಿನದ ಮುಷ್ಕರ ನಡೆಯಿತು. ನಾನು ಗೇಟಿನ ಮುಂದೆ ಕೂತಿದ್ದಾಗ ಅವನು ತಾತ್ಕಾಲಿಕವಾಗಿ ವಹಿಸಿಕೊಂಡ. ಮೂವತ್ತನಾಲ್ಕು ವರ್ಷವಾಯಿತು. ವಾಪಸು ಕೇಳಿಯೂ ಇಲ್ಲ, ಕೊಟ್ಟೂ ಇಲ್ಲ. ನಮ್ಮಲ್ಲಿ ಅದರ ಬಗ್ಗೆ ತಕರಾರು ಯಾವತ್ತೂ ಬಂದಿಲ್ಲ.

ನಾಳೆ ಕಂಪನಿಗೆ ಫೋನ್ ಮಾಡಬೇಕು.

ಜೂನ್ 3, ಮಂಗಳವಾರ

ಫೋನಿನಲ್ಲಿ ಮೊದಲು ಹಾಡು, ಆಮೇಲೆ "ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಸುಳ್ಳು, ಆಮೇಲೆ ಮತ್ತೆ ಹಾಡು. ಕೊನೆಗೊಬ್ಬ ಸಿಕ್ಕಿದ. ಮಷಿನ್ನಿನ ನಂಬರು ಕೇಳಿದ. ಹೇಳಿದೆ.

"ಮೇಡಂ, ಅದರ ಆಯಸ್ಸು ಮುಗಿದಿದೆ. ಹೊಸದು ತಗೊಳ್ಳಿ."

"ಬಂದು ನೋಡದೇ ಹೇಗಪ್ಪ ಹೇಳ್ತೀಯ? ನಾಡಿ ಹಿಡೀದೇ ಸತ್ತಿದ್ದಾನೆ ಅಂತ ಬರೆಯೋ ಡಾಕ್ಟರಾ ನೀನು?"

"ಸಿಸ್ಟಂನಲ್ಲಿ ಹಾಗೇ ತೋರಿಸ್ತಿದೆ ಮೇಡಂ."

ಸಿಸ್ಟಂ! ನನ್ನ ಜೀವಮಾನವಿಡೀ ಈ ಸಿಸ್ಟಂ ಎಂಬುವವನ ಮುಖ ನೋಡಬೇಕೆಂದು ಹುಡುಕಿದ್ದೇನೆ, ಸಿಕ್ಕಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಅವರ ರಿಪೇರಿ ಕೇಂದ್ರಕ್ಕೆ ಹೋದೆ.

ಗೇಟಿನ ಪಕ್ಕ ನೀಲಿ ಅಂಗಿ ತೊಟ್ಟ ಹನ್ನೊಂದು ಜನ ನೆಲದ ಮೇಲೆ ಕೂತಿದ್ದರು. ಹಿಂದೆ ರಟ್ಟಿನ ಮೇಲೆ ಬರೆದ ಫಲಕ: "ರಿಪೇರಿ ನಮ್ಮ ಕಸುಬು. ಸುಳ್ಳು ನಮ್ಮ ಕಸುಬಲ್ಲ." ನನ್ನ ಕಾಲು ತಾನಾಗಿ ನಿಂತಿತು. ಹಳೆಯ ಕುದುರೆಗೆ ಲಾಯದ ವಾಸನೆ ಬಡಿದಂತಾಯಿತು.

ಅವರ ಮುಖಂಡನಿಗೆ ಐವತ್ತರ ಆಸುಪಾಸು. ಮುಷ್ಕರದಲ್ಲೂ ಜೇಬಿನಲ್ಲೊಂದು ಸ್ಪ್ಯಾನರ್. ಜೊತೆಯವರೂ ಅವನನ್ನು ಸ್ಪ್ಯಾನರ್ ಎಂದೇ ಕರೆಯುತ್ತಾರೆ.

"ಏನಪ್ಪ ಬೇಡಿಕೆ?" ಎಂದೆ.

"ಅಕ್ಕ, ತಿಂಗಳಿಗೆ ಒಬ್ಬೊಬ್ಬರು ಹತ್ತು ಮಷಿನ್ನಾದ್ರೂ 'ರಿಪೇರಿ ಆಗಲ್ಲ' ಅಂತ ಬರೀಬೇಕಂತೆ. ಆಗುತ್ತೋ ಬಿಡುತ್ತೋ, ಬರೀಬೇಕು. ಹಾಗೆ ಬರೆದ್ರೆ ತಾನೇ ಜನ ಹೊಸದು ತಗೊಳ್ಳೋದು? ಬರೆಯಲ್ಲ ಅಂದ ಮೂರು ಜನನ ಮನೆಗೆ ಕಳಿಸಿದ್ರು."

"ನೀನು ಬರೆದಿದ್ದೀಯಾ?"

ಅವನು ನೆಲ ನೋಡಿದ. "ಬರೆದಿದ್ದೀನಕ್ಕ. ಎರಡು ವರ್ಷ. ಚೆನ್ನಾಗಿರೋ ಮಷಿನ್ ಮುಂದೆ ನಿಂತು, ಮನೆ ಯಜಮಾನಿ ಮುಖ ನೋಡ್ಕೊಂಡು, ಇದು ಹೋಯ್ತಮ್ಮ ಅಂದಿದ್ದೀನಿ."

ನನಗೆ ಮೈ ಉರಿದುಹೋಯಿತು. ಅವನ ಮೇಲಲ್ಲ. ಬದುಕಿರುವುದನ್ನು ಹೂಳುವ ಕೆಲಸ ಹಚ್ಚಿ, ಹೂಳಿದವನಿಗೇ ಪಾಪ ಅಂಟಿಸುವ ಈ ಬುದ್ಧಿ ಯಾವ ಮಾಲೀಕನಿಗೆ ಮೊದಲು ಹೊಳೆಯಿತೋ! ಎಲ್ಲರ ಎದುರು ನಿಂತು ಮಾತಾಡಿಬಿಟ್ಟೆ. "ನನ್ನ ಮಷಿನ್ ನಿನ್ನೆ ಕೆಟ್ಟಿದೆ. ನೀವು ಗೆದ್ದು ಒಳಗೆ ಹೋಗೋ ತನಕ ಬೇರೆ ಯಾರ ಕೈಯೂ ಅದನ್ನ ಮುಟ್ಟಲ್ಲ. ಹೊಸ ಮಷಿನ್ನೂ ನಮ್ಮ ಹೊಸಿಲು ದಾಟಲ್ಲ. ಇದು ನಮ್ಮ ಮನೆಯ ಮಾತು!"

ಚಪ್ಪಾಳೆ. ಸ್ಪ್ಯಾನರ್ ನನ್ನ ಮಾತನ್ನು ಇನ್ನೊಂದು ರಟ್ಟಿನ ಮೇಲೆ ಬರೆಸಿ ಗೇಟಿಗೆ ಕಟ್ಟಿದ. ಕೆಳಗೆ ನಾನು ಸಹಿ ಹಾಕಿದೆ. ನಿವೃತ್ತಿಯಾದ ಮೇಲೆ ಮೊದಲ ಸಹಿ.

ಮನೆಗೆ ಬಂದು ಬೈಂಡರನಿಗೆ ವರದಿ ಒಪ್ಪಿಸಿದೆ. ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದ. "ಒಳ್ಳೆ ಮಾತು" ಎಂದ. ಸ್ವಲ್ಪ ಹೊತ್ತಾದ ಮೇಲೆ, "ಎಷ್ಟು ದಿನ ಆಗಬಹುದು?"

"ಗೆಲ್ಲೋ ತನಕ."

ಸೂಜಿ ಇಟ್ಟು, ತೋಳು ಮಡಚಿ, ಮಷಿನ್ನಿನಿಂದ ಚೊಂಬು ಚೊಂಬಾಗಿ ನೀರು ಎತ್ತಿ ಹಾಕತೊಡಗಿದ.

ಜೂನ್ 6, ಶುಕ್ರವಾರ

ದಿನಾ ಮುಷ್ಕರದ ಜಾಗಕ್ಕೆ ಹೋಗಿಬರುತ್ತಿದ್ದೇನೆ. ಮೊಣಕಾಲು ನೋವು ಎಲ್ಲಿ ಹೋಯಿತೋ.

ಬೈಂಡರ್ ಹಿತ್ತಿಲಿನ ಸಿಮೆಂಟು ತೊಟ್ಟಿಯ ಪಕ್ಕ ಕಲ್ಲು ಹಾಕಿಕೊಂಡು ಒಗೆಯುತ್ತಿದ್ದಾನೆ. ಇವತ್ತು ಒಂದು ಪ್ರಶ್ನೆ ಎತ್ತಿದ. "ನಮ್ಮ ಬೀದಿ ಮೂಲೇಲಿ ಫ್ಯಾನು ಮಿಕ್ಸಿ ರಿಪೇರಿ ಮಾಡ್ತಾನಲ್ಲ, ಅವನು ಕಂಪನಿಯವನಲ್ಲ. ಅವನಿಗೆ ತೋರಿಸಿದ್ರೆ ನಿನ್ನ ಮಾತು ಮುರಿಯುತ್ತಾ?"

"ಮುರಿಯುತ್ತೆ. ಮುಷ್ಕರದ ಹೊತ್ತಲ್ಲಿ ಕಂಪನಿ ಇಂಥವರ ಕೈಲೇ ಕೆಲಸ ಮಾಡಿಸ್ತಿದೆ. ಅಲ್ಲದೆ ಬೇರೆ ಯಾರ ಕೈಯೂ ಅಂದಿದ್ದೀನಿ. ಬರೆದು ಕಟ್ಟಿದ್ದಾರೆ."

"ಹಾಗಾದ್ರೆ ಆಯ್ತು ಬಿಡು" ಎಂದು ಹೊದಿಕೆ ಹಿಂಡಲು ಹೋದ. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದು ತುದಿಯನ್ನು ತಿರುಚುತ್ತಾನೆ. ಜಾಣ. ಒಬ್ಬನೇ ಇದ್ದರೂ ಇಬ್ಬರ ಕೆಲಸ ಸಾಗುತ್ತದೆ.

ಜೂನ್ 8, ಭಾನುವಾರ

ಮಗಳು ಬಂದಿದ್ದಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅಪ್ಪನ ಕೈ ಹಿಡಿದು ನೋಡಿ ಕಿರುಚಿದಳು. ಬೆರಳಿನ ಗೆಣ್ಣಲ್ಲೆಲ್ಲ ಬಿರುಕು, ಹೆಬ್ಬೆರಳ ಸಂದಿಯಲ್ಲಿ ರಕ್ತ ಒಸರಿದೆ. ಸೋಪಿನ ಪುಡಿ ಅವನಿಗೆ ಆಗುವುದಿಲ್ಲವಂತೆ. ನನಗೆ ಗೊತ್ತೇ ಇರಲಿಲ್ಲ, ಅವನೂ ಹೇಳಿರಲಿಲ್ಲ. ಮಷಿನ್ ಬಂದ ಮೇಲೆ ಮರೆತೇಬಿಟ್ಟಿದ್ದೆ ಎನ್ನುತ್ತಾನೆ.

"ಮುಲಾಮು ಹಚ್ಚಿದ್ದೀನಿ. ಒರೆಸಬೇಡ ಅಪ್ಪ."

"ಹಚ್ಚಿದ್ರೆ ಕಾಗದಕ್ಕೆ ಜಿಡ್ಡು ಆಗುತ್ತಲ್ಲ, ಮರಿ."

"ಕೈಗವಸು ಹಾಕ್ಕೋ."

"ಹಾಕ್ಕೊಂಡ್ರೆ ಚುಕ್ಕಿ ಗೊತ್ತಾಗಲ್ಲ."

ಈಗ ಅವನ ಮುಂದೆ ಇರುವುದು ಕಣ್ಣು ಕಾಣದ ಮಕ್ಕಳ ಶಾಲೆಯ ನಲವತ್ತು ಪುಸ್ತಕಗಳು. ಬ್ರೈಲ್ ಲಿಪಿಯವು, ಕಾಗದದ ಮೇಲೆ ಉಬ್ಬಿದ ಚುಕ್ಕಿಗಳೇ ಅಕ್ಷರ. ಉಳಿದ ಪುಸ್ತಕಗಳ ಹಾಗೆ ಇವನ್ನು ಒತ್ತುವ ಯಂತ್ರಕ್ಕೆ ಕೊಡುವಂತಿಲ್ಲ, ಅಕ್ಷರಗಳೆಲ್ಲ ಅಪ್ಪಚ್ಚಿಯಾಗುತ್ತವೆ. ಬೆನ್ನಿನ ಕಡೆ ಕಾಗದದ ಪಟ್ಟಿ ಸೇರಿಸಿ, ಚುಕ್ಕಿಗೆ ಜಾಗ ಬಿಟ್ಟು, ಪೂರ್ತಿ ಕೈಯಲ್ಲೇ ಹೊಲಿಯಬೇಕು. ಜುಲೈ ಒಂದಕ್ಕೆ ಶಾಲೆ ತೆರೆಯುತ್ತದೆ. ಊರಿನಲ್ಲಿ ಈ ಕೆಲಸ ಬಲ್ಲವನು ಇವನೊಬ್ಬನೇ.

ಮಗಳು ನನ್ನ ಕಡೆ ತಿರುಗಿದಳು. "ಅಮ್ಮಾ, ಹದಿನಾಲ್ಕು ವರ್ಷದ ಮಷಿನ್. ಬಿಸಾಕು. ನಾಳೆನೇ ಹೊಸದು ತರಿಸ್ತೀನಿ."

"ಮಾತು ಕೊಟ್ಟಿದ್ದಾಳೆ ನಿಮ್ಮಮ್ಮ" ಎಂದ ಬೈಂಡರ್. ನನ್ನ ಪರ!

"ಅವಳು ಕೊಟ್ಟಿದ್ದು ಮಾತು. ನೀನು ಕೊಡ್ತಿರೋದು ಕೈ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಹೇಳ್ತಾರಾ?"

ಮಾತು ಚೆನ್ನಾಗಿದೆ, ನನ್ನ ಮಗಳಲ್ಲವೇ. ವಾದದಲ್ಲಿ ಮಾತ್ರ ಹುರುಳಿಲ್ಲ. ನಾಳೆ ಎಲ್ಲರೂ ಅವರವರ ಅನುಕೂಲ ನೋಡಿಕೊಂಡರೆ ಆ ಹನ್ನೊಂದು ಜನ ಯಾರ ಮುಖ ನೋಡಬೇಕು? ಇದನ್ನೇ ಹೇಳಿದೆ. ಅವಳು ಊಟ ಮಾಡದೆ ಹೋದಳು. ಸಿಟ್ಟಿನಲ್ಲಿ ಥೇಟ್ ನಾನೇ.

ಜೂನ್ 12, ಗುರುವಾರ

ನಾಳೆ ಕಾರ್ಮಿಕ ಅಧಿಕಾರಿಯ ಮುಂದೆ ಮಾತುಕತೆ. ಹತ್ತು ದಿನ ಧೂಳಲ್ಲಿ ಕೂತು ಹುಡುಗರ ನೀಲಿ ಅಂಗಿಗಳು ಮಣ್ಣಿನ ಬಣ್ಣಕ್ಕೆ ತಿರುಗಿವೆ. (ಐವತ್ತಾದವರನ್ನೂ ಹುಡುಗರು ಎನ್ನುವುದು ಯೂನಿಯನ್ನಿನ ಚಾಳಿ.) ಮಾಸಿದ ಅಂಗಿಯಲ್ಲಿ ಹೋದರೆ ಆ ಕಡೆ ಕೂತ ಇಸ್ತ್ರಿ ಅಂಗಿಯವರು ಅರ್ಧ ಗೆದ್ದ ಹಾಗೆ. ನನ್ನ ಅನುಭವ ಇದು. "ಬಿಚ್ಚಿ ಕೊಡಿ ಎಲ್ಲ. ನಾವು ಒಗೆದು ತರ್ತೀವಿ" ಎಂದೆ. ಬನಿಯನ್ನಿನಲ್ಲಿ ಕೂತರೂ ಹುಮ್ಮಸ್ಸೇನು ಕಡಿಮೆಯಾಗಲಿಲ್ಲ.

ಗಂಟು ತಂದು ತೊಟ್ಟಿಯ ಹತ್ತಿರ ಇಳಿಸಿದೆ. ಬೈಂಡರ್ ಗಂಟನ್ನು ನೋಡಿದ, ನನ್ನನ್ನು ನೋಡಿದ.

"ಏನಂದೆ ಅವರಿಗೆ?"

"ನಾವು ಒಗೆದು ಕೊಡ್ತೀವಿ ಅಂದೆ."

"ಆ 'ನಾವು' ಒಳಗೆ ಎಷ್ಟು ಜನ ಇದ್ದಾರೆ, ಅಧ್ಯಕ್ಷರೇ?"

ನಕ್ಕೆ. ಅವನೂ ನಕ್ಕ. ಆಮೇಲೆ ಕಾಲರಿಗೆಲ್ಲ ಬ್ರಷ್ ಹಾಕಿ ಉಜ್ಜಿದ, ಎರಡು ಅಂಗಿಗೆ ಬಿದ್ದುಹೋಗಿದ್ದ ಗುಂಡಿ ಹಾಕಿದ. ಇಸ್ತ್ರಿಯನ್ನು ನಾನೇ ಮಾಡುತ್ತೇನೆ ಎಂದೆ. ಒಂದು ಅಂಗಿಯ ತೋಳು ಸುಟ್ಟೆ. ಉಳಿದದ್ದನ್ನು ಅವನೇ ಮಾಡಿದ.

ಜೂನ್ 13, ಶುಕ್ರವಾರ

ಮಾತುಕತೆ ಮುರಿದುಬಿತ್ತು. ಅಂಗಿಗಳು ಮಾತ್ರ ಹೊಳೆಯುತ್ತಿದ್ದವು.

ಜೂನ್ 16, ಸೋಮವಾರ

ಶಾಲೆಯ ಟೀಚರ್ ಬಂದಿದ್ದರು. ಅವರಿಗೂ ಕಣ್ಣು ಕಾಣುವುದಿಲ್ಲ. ಬಿಳಿ ಕೋಲು ಬಾಗಿಲಿಗೆ ಒರಗಿಸಿ, ಟೀ ಬೇಡ ಎಂದು, ಮುಗಿದ ಪುಸ್ತಕಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆ ಮಾಡಿದರು. ನಮ್ಮ ಕಾರ್ಖಾನೆಯ ಇನ್ಸ್‌ಪೆಕ್ಟರೂ ಅಷ್ಟು ಕಟ್ಟುನಿಟ್ಟಲ್ಲ. ಹೆಬ್ಬೆರಳನ್ನು ಬೆನ್ನಿನುದ್ದಕ್ಕೂ ಎಳೆದು, ರಟ್ಟು ಹಿಡಿದು ತೂಗಿ, ಹಾಳೆಗಳನ್ನು ಸ್ವಲ್ಪ ಎಳೆದು ನೋಡುತ್ತಾರೆ.

ಮೂರು ಪುಸ್ತಕ ಪಕ್ಕಕ್ಕಿಟ್ಟರು.

"ಹೊಲಿಗೆ ಸಡಿಲ ಇದೆ, ಬೈಂಡರೇ. ನಮ್ಮ ಮಕ್ಕಳು ಪುಸ್ತಕ ಎಳೆದಾಡಿ ಓದ್ತಾರೆ. ಒಂದು ವಾರಕ್ಕೆ ಹಾಳೆ ಕೈಗೆ ಬರುತ್ತೆ. ಇದು ನಿಮ್ಮ ಕೆಲಸಾನಾ? ಬೇರೆಯವರ ಕೈಲಿ ಮಾಡಿಸಿದ್ರಾ?"

"ನಂದೇ" ಎಂದ ಬೈಂಡರ್.

ನನಗೆ ಕೋಪ ನೆತ್ತಿಗೇರಿತು. ಇವನ ಕೆಲಸದಲ್ಲಿ ಹುಳುಕು ತೆಗೆಯಲು ಇವರ್ಯಾರು? ಅವರು ಹೋದ ಮೇಲೆ ಹಾಗೇ ಅಂದೆ. ಅವನು ನನ್ನ ಕಡೆ ನೋಡಲೂ ಇಲ್ಲ.

"ಅವರು ಹೇಳಿದ್ದು ಸರಿ. ದಾರ ಬಿಗಿಯಾಗಿ ಎಳೆದ್ರೆ ಬಿರುಕಲ್ಲಿ ಕೂರುತ್ತೆ. ಅದಕ್ಕೆ ಸಡಿಲ ಬಿಟ್ಟೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ." ಪಕ್ಕಕ್ಕಿಟ್ಟ ಮೂರನ್ನೂ ಹತ್ತಿರ ಎಳೆದುಕೊಂಡು, "ನಲವತ್ತು ವರ್ಷದಲ್ಲಿ ಒಂದು ಪುಸ್ತಕ ವಾಪಸ್ ಬಂದಿರಲಿಲ್ಲ" ಎಂದ.

ಆ ಮೂರರ ಹೊಲಿಗೆ ಬಿಚ್ಚುತ್ತ ಕೂತ. ನಾನು ಎದುರಿಗೆ ಕೂತೆ.

ಜೂನ್ 17, ಮಂಗಳವಾರ

ಗೇಟಿಗೆ ಹೋಗಲಿಲ್ಲ. ಬರೆಯುವಂಥದ್ದು ಏನೂ ಇಲ್ಲ.

ಜೂನ್ 18, ಬುಧವಾರ

ಬೈಂಡರ್ ತೊಟ್ಟಿಯ ಹತ್ತಿರ ಹೋಗುವ ಮೊದಲೇ ನಾನು ಹೋಗಿ ಕೂತೆ.

"ಏನಿದು?"

"ಈ ಇಲಾಖೆಯನ್ನ ನಾನು ವಶಕ್ಕೆ ತಗೊಂಡಿದ್ದೀನಿ. ನಡಿ, ಹೊಲಿಗೆ ನೋಡ್ಕೋ."

"ನಿನಗೆ ಬರಲ್ಲ."

"ಮೂರು ಸಾವಿರ ಜನನ ಬೀದಿಗೆ ಇಳಿಸಿದವಳಿಗೆ ಮೂರು ಬಟ್ಟೆ ಒಗೆಯೋಕೆ ಬರಲ್ವಾ?"

ಬರುವುದಿಲ್ಲ. ಒದ್ದೆ ಹೊದಿಕೆ ಹೆಣಭಾರ. ಒಗೆದಷ್ಟೂ ನೊರೆ ಬರುತ್ತದೆ, ಎಷ್ಟು ನೀರಿಗೆ ಹಾಕಿದರೂ ನೊರೆ. ಸೊಂಟ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಹಸಿರು ಟವೆಲಿನ ಜೊತೆ ಅವನ ಬಿಳಿ ಅಂಗಿ ನೆನೆಸಿಟ್ಟೆ. ಈಗ ಅದು ಬಿಳಿಯೂ ಅಲ್ಲ ಹಸಿರೂ ಅಲ್ಲ, ಆಸ್ಪತ್ರೆಯ ಗೋಡೆಯ ಬಣ್ಣ. ಅವನು ಅದನ್ನು ಎತ್ತಿ ಹಿಡಿದು, "ಸಂಯುಕ್ತ ರಂಗ" ಎಂದ. ಸುಮ್ಮನಿರು ಎಂದೆ.

ಜೇಬು ನೋಡದೆ ನನ್ನ ಪ್ಯಾಂಟು ನೆನೆಸಿದ್ದೆ. ಒಳಗಿದ್ದ ಕಾಗದವೆಲ್ಲ ಹಿಟ್ಟು. "ಜೇಬು ಮೊದಲು ನೋಡಬೇಕು" ಎಂದು ತೊಟ್ಟಿಯ ಮೇಲಿನ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿ ತೋರಿಸಿದ. ಪಿನ್ನು, ಸೀಮೆಸುಣ್ಣದ ತುಂಡು, ಬಸ್ಸಿನ ಟಿಕೆಟು, ಯಾವ್ಯಾವುದೋ ಸಭೆಯಲ್ಲಿ ಮಾತಾಡಲು ಬರೆದುಕೊಂಡ ಚೀಟಿಗಳು. ಒಗೆಯುವ ಮೊದಲು ನನ್ನ ಜೇಬಿನಿಂದ ತೆಗೆದದ್ದು, ಇಷ್ಟು ವರ್ಷದ್ದು.

"ಯಾಕೆ ಇಟ್ಟಿದ್ದೀಯ ಇವನ್ನ?"

"ನೀನು ಕೇಳಬಹುದು ಅಂತ."

ಯಾವತ್ತೂ ಕೇಳಿರಲಿಲ್ಲ. ಕಳೆದುಹೋಯಿತು ಎಂದುಕೊಂಡು ಹೊಸದಾಗಿ ಬರೆದುಕೊಳ್ಳುತ್ತಿದ್ದೆ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆಯನ್ನು ನೂರಾರು ಭಾಷಣದಲ್ಲಿ ಬಳಸಿದ್ದೇನೆ. ಕೆಸರು ಯಾರ ಕೈಯದು, ಮೊಸರು ಯಾರ ಬಾಯಿಗೆ ಎಂದು ಮಾಲೀಕರನ್ನು ಕೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದು ಯಾಕೆ ಇವತ್ತು ನೆನಪಾಯಿತೋ. ಸೊಂಟ ನೋಯುತ್ತಿದೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.

ಜೂನ್ 20, ಶುಕ್ರವಾರ

ನಾನು ಒಗೆದರೂ ಸಾಲದು. ನಿನ್ನೆ ನನ್ನ ಕಣ್ಣು ತಪ್ಪಿಸಿ ಅರ್ಧ ಬಕೆಟ್ ಅವನೇ ಮತ್ತೆ ಒಗೆದಿದ್ದ. ಸೋಪು ಹೋಗಿರಲಿಲ್ಲವಂತೆ. ಮತ್ತೆ ಬೆರಳು ಬಿರಿದಿದೆ. ಇನ್ನೂ ಹತ್ತೊಂಬತ್ತು ಪುಸ್ತಕ ಬಾಕಿ.

ಗೇಟಿಗೆ ಹೋದೆ. ನನ್ನ ಸಹಿ ಇದ್ದ ರಟ್ಟು ಇನ್ನೂ ಅಲ್ಲೇ ತೂಗುತ್ತಿತ್ತು. ಎಲ್ಲರನ್ನೂ ಹತ್ತಿರ ಕರೆದೆ.

"ಹುಡುಗರಾ, ಒಂದು ಕ್ರಮಲೋಪ ಆಗಿದೆ. ನಾನು ಕೊಟ್ಟ ಮಾತಿಗೆ ಸಭೆಯ ಒಪ್ಪಿಗೆ ಇರಲಿಲ್ಲ."

"ಯಾವ ಸಭೆ ಅಕ್ಕ?" ಎಂದ ಸ್ಪ್ಯಾನರ್.

"ನಮ್ಮ ಮನೆಯ ಸಭೆ. ಅದರಲ್ಲಿ ಇಬ್ಬರು ಸದಸ್ಯರು. ಒಗೆಯೋನು ಒಬ್ಬ, ಸಹಿ ಹಾಕಿದವಳು ಇನ್ನೊಬ್ಬಳು. ಒಗೆಯೋನನ್ನ ನಾನು ಕೇಳಲಿಲ್ಲ. ಹಾಗಾಗಿ ಆ ಸಹಿ ಊರ್ಜಿತ ಅಲ್ಲ. ಇದು ಬರೀ ನಿಯಮದ ಪ್ರಶ್ನೆ."

ಯಾರೋ ಕಿಸಕ್ಕೆಂದರು. ಆಮೇಲೆ ಹಿಂದೆ ಕೂತಿದ್ದವನೊಬ್ಬ, "ಹಾಗೆ ನೋಡಿದ್ರೆ ಮುಷ್ಕರಕ್ಕೆ ಕೂರ್ತೀನಿ ಅಂತ ನಾನೂ ಮನೇಲಿ ಕೇಳಿಲ್ಲ" ಎಂದ. ನಗು ನಿಂತಿತು.

ಬೈಂಡರನ ಕೈಯ ವಿಷಯ ಹೇಳಿದೆ. ಅವರ ಅಂಗಿ ಒಗೆದದ್ದು ಆ ಕೈ ಎಂದು ಹೇಳಬೇಕೆಂದಿರಲಿಲ್ಲ, ಹೇಳಿಬಿಟ್ಟೆ. ಸ್ಪ್ಯಾನರ್ ತನ್ನ ಕಾಲರನ್ನು ಮುಟ್ಟಿ ನೋಡಿಕೊಂಡ.

"ಏನಕ್ಕ ನೀವು, ಮೊದಲೇ ಹೇಳಬಾರದಾ? ನಾವು ಕಂಪನಿ ಕೆಲಸ ನಿಲ್ಲಿಸಿದ್ದೀವಿ, ಕಸುಬು ನಿಲ್ಲಿಸಿಲ್ಲ. ಮಷಿನ್ ಇಲ್ಲಿಗೆ ತನ್ನಿ. ಈ ಗೇಟಿನ ಮುಂದೆ, ನೂರು ಜನರ ಎದುರಿಗೆ ಬಿಚ್ಚಿ ಸರಿ ಮಾಡ್ತೀವಿ. ಆಯಸ್ಸು ಮುಗಿದಿದೆ ಅಂದ ಸಿಸ್ಟಂ ಕಿಟಕೀಲಿ ನಿಂತು ನೋಡಲಿ!"

ಎಂಥ ಮಾತು! ಬೀದಿಯಲ್ಲಿ ರಿಪೇರಿ, ಅದೇ ಪ್ರತಿಭಟನೆ. ಇಷ್ಟು ವರ್ಷದಲ್ಲಿ ನನಗೇ ಹೊಳೆಯದ ಉಪಾಯ. ಆಗಲಿ ಎನ್ನಲು ಬಾಯಿ ತೆರೆದಿದ್ದೆ.

"ಮನೇಲಿ ಕೇಳಿ ಹೇಳ್ತೀನಿ" ಎಂದೆ.

ಹನ್ನೊಂದು ಜನ ಹೋ ಎಂದು ನಕ್ಕರು. ನಗಲಿ.

ಅದೇ ದಿನ, ಸಂಜೆ

ಕೇಳಿದೆ. ಎದುರಿಗೆ ಕುರ್ಚಿ ಹಾಕಿಕೊಂಡು, ಕ್ರಮವಾಗಿ. ಒಂದು, ಬೀದಿಯಲ್ಲಿ ರಿಪೇರಿ. ಎರಡು, ಮಾತು ವಾಪಸು ಪಡೆದು ಹೊಸ ಮಷಿನ್. ಯಾವುದು?

ಬೈಂಡರ್ ಸೂಜಿ ಇಟ್ಟ. ಕನ್ನಡಕ ತೆಗೆದು ಒರೆಸಿದ.

"ನಿಜ ಹೇಳಲಾ?"

"ಹೇಳು."

"ನನಗೆ ಆ ಮಷಿನ್ ಇಷ್ಟ ಇಲ್ಲ."

"ಅಂದ್ರೆ?"

"ತಂದ ದಿನದಿಂದ ಇಷ್ಟ ಇಲ್ಲ. ಆಳ ಜಾಸ್ತಿ. ತಳದಲ್ಲಿರೋ ಕಾಲುಚೀಲ ತೆಗೀಬೇಕಾದ್ರೆ ಅರ್ಧ ಮೈ ಒಳಗೆ ಇಳಿಬೇಕು. ಮುಚ್ಚಳ ಬೆರಳ ಮೇಲೆ ಬೀಳುತ್ತೆ. ಗುಂಡಿ ನುಂಗುತ್ತೆ. ಅದರ ಕಿರುಚಾಟಕ್ಕೆ ರೇಡಿಯೋ ಕೇಳಿಸಲ್ಲ."

"ಹದಿನಾಲ್ಕು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ನೀನು ಆರಿಸಿ ತಂದಿದ್ದೆ. ಆ ಅಂಗಡೀಲಿ ಯೂನಿಯನ್ ಇದೆ ಅಂತ. ಎಷ್ಟು ಖುಷಿಯಾಗಿದ್ದೆ ಆವತ್ತು! ಹೇಗೆ ಹೇಳಲಿ?"

ನನಗೆ ಅಳಬೇಕೋ ಬಾರಿಸಬೇಕೋ ತಿಳಿಯಲಿಲ್ಲ. "ಸರಿ. ಹಾಗಾದ್ರೆ ಹೊಸದು. ನಾಳೆನೇ ಹೋಗಿ ನೀನೇ ಆರಿಸು. ಗೇಟಿಗೆ ಹೋಗಿ ನನ್ನ ರಟ್ಟನ್ನ ನಾನೇ ಬಿಚ್ಚಿ ತರ್ತೀನಿ." ಹೇಳುವಾಗ ನನ್ನ ದನಿ ಸ್ವಲ್ಪ ಕಟ್ಟಿತ್ತಂತೆ. ಹಾಗೆಂದು ಅವನು ಹೇಳುತ್ತಾನೆ, ನಾನು ಒಪ್ಪುವುದಿಲ್ಲ.

ಅವನು ಕನ್ನಡಕ ಮತ್ತೆ ಹಾಕಿಕೊಂಡ. "ಬೇಡ. ಬೀದೀಲೇ ಬಿಚ್ಚಲಿ. ಚೆನ್ನಾಗಿರೋದನ್ನ ಕೆಟ್ಟಿದೆ ಅಂದಿದ್ದು ಸುಳ್ಳು ಅಂತ ಊರಿಗೆ ತಿಳೀಬೇಕು. ನನಗೆ ಇಷ್ಟ ಇಲ್ಲ ಅನ್ನೋದಕ್ಕೆ ಅದನ್ನ ಸಾಯಿಸೋದಾ? ಮಷಿನ್ ಬದಲಾಯಿಸೋದು ಬೇಡ. ಅದರ ಮುಂದೆ ನಿಲ್ಲೋರನ್ನ ಬದಲಾಯಿಸೋಣ."

"ಏನು?"

"ಮೂವತ್ತನಾಲ್ಕು ವರ್ಷದಿಂದ ತಾತ್ಕಾಲಿಕ ನೌಕರ ನಾನು. ಕಾಯಂ ಮಾಡಿ ಅಂತ ಎಷ್ಟು ಜನಕ್ಕೆ ಹೋರಾಡಿದೆ ನೀನು! ನನಗೆ ಕಾಯಂ ಬೇಡ. ಬಿಡುಗಡೆ ಮಾಡು."

ನಗುತ್ತಲೇ ಹೇಳಿದ. ಆದರೆ ತಮಾಷೆ ಮಾಡುತ್ತಿರಲಿಲ್ಲ. ಅವನ ಜೊತೆ ಇಷ್ಟು ವರ್ಷ ಇದ್ದು ಅಷ್ಟು ತಿಳಿಯದೇ? ಬೇಡಿಕೆ ನ್ಯಾಯವಾದದ್ದು. ಚರ್ಚೆಯಿಲ್ಲದೆ ಒಪ್ಪಿದೆ. ಮಾಲೀಕರ ಕಡೆಯವಳಾಗಿ ಇದೇ ಮೊದಲ ಸಲ ಸಹಿ ಹಾಕಿದ್ದು.

ಜೂನ್ 23, ಸೋಮವಾರ

ಕೈಗಾಡಿಯ ಮೇಲೆ ಮಷಿನ್ ಹೊರಟಿತು. ಮುಂದೆ ನಾನು, ಹಿಂದೆ ಬೈಂಡರ್ ಮತ್ತು ಮಗಳು. ಮಗಳು ರಜೆ ಹಾಕಿ ಬಂದಿದ್ದಳು. "ಸುಮ್ನೆ ನೋಡೋಕೆ ಬಂದೆ. ನಿನ್ನ ಜೊತೆ ಇನ್ನೂ ರಾಜಿ ಆಗಿಲ್ಲ" ಎಂದಳು.

ಗೇಟಿನ ಮುಂದೆ ಜನವೋ ಜನ. ಸ್ಪ್ಯಾನರ್ ಮಷಿನ್ನನ್ನು ಅಡ್ಡ ಮಲಗಿಸಿ, ತಳ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಎತ್ತಿ ಹಿಡಿದು ಹೆಸರು ಹೇಳಿದ. ಮೋಟರು ಗಟ್ಟಿ. ಡ್ರಮ್ಮು ಗಟ್ಟಿ. ಹೋಗಿದ್ದು ನೀರು ಹೊರಹಾಕುವ ಪಂಪು ಒಂದೇ, ಮುಷ್ಟಿಯಷ್ಟು ದೊಡ್ಡದು. ಒಳಗೆ ಸ್ಟೋರಿನಲ್ಲಿ ರಾಶಿ ಬಿದ್ದಿವೆ, ಹೊರಗೆ ಕೊಡುವುದಿಲ್ಲ. ತನ್ನ ಚೀಲದಿಂದ ಹಳೆಯದೊಂದನ್ನು ತೆಗೆದ.

"ಇದು ಹೋದ ವರ್ಷ ನಾನೇ ಸತ್ತಿದೆ ಅಂತ ಬರೆದ ಮಷಿನ್ನಿನ ಪಂಪು" ಎಂದ, ಎಲ್ಲರಿಗೂ ಕೇಳಿಸುವಂತೆ. "ಗುಜರಿಗೆ ಹೋಗೋ ಮೊದಲು ಬಿಚ್ಚಿ ಇಟ್ಕೊಂಡಿದ್ದೆ. ಯಾಕೆ ಅಂತ ಗೊತ್ತಿಲ್ಲ."

ಇಪ್ಪತ್ತೇ ನಿಮಿಷ. ಪಕ್ಕದ ಚಹಾದಂಗಡಿಯಿಂದ ವೈರು ಎಳೆದರು. ಮಷಿನ್ ಗಡಗಡ ಎಂದಿತು, ನೀರು ಬೀದಿಗೆ ಚಿಮ್ಮಿತು. ಚಪ್ಪಾಳೆ, ಶಿಳ್ಳೆ. ಮೇಲಿನ ಕಿಟಕಿಯ ಪರದೆ ಅಲ್ಲಾಡಿತು. ಆಮೇಲೆ ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ 'ಸತ್ತ' ಮಷಿನ್ನುಗಳನ್ನು ಹೊತ್ತು ತರತೊಡಗಿದರು. ಫೋಟೊ ತೆಗೆಯುವವರೂ ಬಂದರು. ಭಾಷಣ ಮಾಡಿ ಅಕ್ಕ ಎಂದರು. ಒಂದೇ ಮಾತಾಡಿ ಮುಗಿಸಿದೆ. ಬೆಳಿಗ್ಗೆ ನೆನೆಸಿಟ್ಟು ಬಂದ ಬಟ್ಟೆಯ ಮೇಲೆ ಮನಸ್ಸಿತ್ತು, ಹೆಚ್ಚು ಹೊತ್ತು ಬಿಟ್ಟರೆ ವಾಸನೆ ಹಿಡಿಯುತ್ತದೆ.

ಜೂನ್ 27, ಶುಕ್ರವಾರ

ಬೈಂಡರ್ ಹೊಲಿಗೆಯ ಮೇಜಿನಿಂದಲೇ ಆಜ್ಞೆ ಹೊರಡಿಸುತ್ತಾನೆ. "ಪುಡಿ ಕಡಿಮೆ ಹಾಕು! ಕಾಲುಚೀಲ ತಳಕ್ಕೆ ಹಾಕಬೇಡ!" ಹದಿನಾಲ್ಕು ವರ್ಷ ಬಾಯಿ ಬಿಡದಿದ್ದವನಿಗೆ ಈಗ ಬಾಯಿಗೆ ಬೀಗವೇ ಇಲ್ಲ. ಮುಚ್ಚಳ ನಿಜವಾಗಿಯೂ ಬೆರಳ ಮೇಲೆ ಬೀಳುತ್ತದೆ. ದರಿದ್ರದ್ದು, ಯಾವ ತಲೆಕೆಟ್ಟವನು ಆರಿಸಿ ತಂದನೋ ಎಂದು ಗೊಣಗಿದೆ. ಅವನು ಕೇಳಿಸದಂತೆ ನಕ್ಕ, ನನಗೆ ಕೇಳಿಸಿತು.

ಅವನ ಬೆರಳು ಮಾಯುತ್ತಿದೆ. ಮೂವತ್ತೆರಡನೆಯ ಪುಸ್ತಕ ಮುಗಿಯಿತು.

ಜೂನ್ 30, ಸೋಮವಾರ

ಟೀಚರ್ ಬಂದು ನಲವತ್ತನ್ನೂ ಎಳೆದು ನೋಡಿದರು. ಹೊಗಳಲಿಲ್ಲ. "ಗಾಡಿ ಕಳಿಸ್ತೀನಿ" ಎಂದರು. ಬೈಂಡರ್ ಮಧ್ಯಾಹ್ನವಿಡೀ ಶಿಳ್ಳೆ ಹಾಕುತ್ತಿದ್ದ.

ಜುಲೈ 3, ಗುರುವಾರ

ಒಳ್ಳೆಯ ಬಿಸಿಲು. ಮೂರು ದಿನದ ಮೋಡ ಹರಿದಿದ್ದರಿಂದ ಹೊದಿಕೆಗಳನ್ನೆಲ್ಲ ಇವತ್ತೇ ಹಾಕಿದೆ. ಹೊದಿಕೆಯನ್ನು ತಂತಿಯ ಮೇಲೆ ಎರಡು ಪದರ ಮಾಡಿ ಹಾಕಬಾರದು, ಒಂದೇ ಪದರ ಹಾಕಿ ನಡುವೆ ಗಾಳಿಗೆ ಜಾಗ ಬಿಡಬೇಕು, ಒಂದು ಗಂಟೆ ಉಳಿಯುತ್ತದೆ. ಅಂಗಿಯನ್ನು ತಲೆಕೆಳಗಾಗಿ ಹಾಕಿದರೆ ಭುಜದ ಮೇಲೆ ಕ್ಲಿಪ್ಪಿನ ಗುರುತು ಬೀಳುವುದಿಲ್ಲ. ಬೈಂಡರನ ಬಿಳಿ ಅಂಗಿ ಬೇರೆಯಾಗಿ ಒಗೆದೆ. ಅವನ ಜೇಬಿನಲ್ಲಿ ಮೇಣ ಹಚ್ಚಿದ ದಾರದ ತುಂಡು ಸಿಕ್ಕಿತು, ಮೇಜಿನ ಮೇಲೆ ಇಟ್ಟಿದ್ದೇನೆ.

ಮುಷ್ಕರ ಗೆದ್ದಿತಂತೆ. ಹತ್ತರ ನಿಯಮ ರದ್ದು, ಮೂವರೂ ವಾ‍ಪಸು ಕೆಲಸಕ್ಕೆ. ನನಗೆ ತಿಳಿದದ್ದು ಮಧ್ಯಾಹ್ನ, ಊಟಕ್ಕೆ ಕೂತಾಗ, ಬೈಂಡರ್ ಹೇಳಿದ ಮೇಲೆ. ಸ್ಪ್ಯಾನರ್ ಬೆಳಿಗ್ಗೆಯಿಂದ ನನಗೆ ನಾಲ್ಕು ಸಲ ಫೋನ್ ಮಾಡಿ, ಕೊನೆಗೆ ಅವನಿಗೆ ಮಾಡಿದ್ದನಂತೆ. ಎತ್ತಿಕೊಳ್ಳಲು ಆಗಿರಲಿಲ್ಲ. ಕೈ ಒದ್ದೆ ಇತ್ತು.